ಆಯಿ ಕಟ್ಟಿಹಾಕಿದ ನಾಯಿ

ಆ ದಿನ ಮುಂಜಾನೆ ಮಾಳಿಗೆಯ ಮೇಲೆ ಕುಳಿತು, ವರ್ಷದ ಖಾರಕ್ಕೆಂದು ಹರವಿದ್ದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಬ್ಯಾಡಗಿಯಲ್ಲೇ ಹುಟ್ಟಿ ಬೆಳೆದವಳಾದರೂ ಈ ಕೆಲಸದ ಉರಿ ನನಗಿನ್ನೂ ರೂಢಿಯಾಗಿಲ್ಲ. ಹೆಬ್ಬೆರಳಿಗೆ ಈಳಿಗೆ ತಾಗಿದ ಸಣ್ಣ ಗೀರಿತ್ತು. ಅದು ಚುರುಚುರು ಅಂದಾಗೆಲ್ಲ ಶಿವಾ ಶಿವಾ ಅನ್ನುತ್ತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಸೊಸೆ ಕೂಗಿದಳು: "ಅತ್ತೀ, ಲಗೂ ಬರ್ರಿ! ಕೂಸಿಗೆ ನಾಯಿ ಕಡದೈತಿ!"

ಕೂಸೆಂದರೆ ನನ್ನ ಮೊಮ್ಮಗಳು, ಈ ವರ್ಷ ಸಾಲಿಗೆ ಹೊಂಟಾಕಿ. ಕಡಿದದ್ದು ಪಕ್ಕದ ಮನೆಯ ನಾಯಿ. ದಿನಾ ನಮ್ಮ ಮನೆಯ ಮೊದಲ ರೊಟ್ಟಿ ಅದಕ್ಕೇ, ಹಾಕುವವಳೂ ಈ ಹುಡುಗಿಯೇ. ಅವತ್ತು ಅದು ತಿನ್ನುತ್ತಿದ್ದಾಗ ಬಾಗಿ ಬೆನ್ನು ಸವರಿದ್ದಾಳೆ. ಅದು ಮುಂಗೈಗೆ ಬಾಯಿ ಹಾಕಿಬಿಟ್ಟಿದೆ.

ನಾನು ಇಳಿಯುವಷ್ಟರಲ್ಲಿ ಪಕ್ಕದ ಮನೆಯ ಆಯಿ, ಆ ನಾಯಿಯನ್ನು ಸಾಕಿದ ಮುದುಕಿಯೇ, ಹಿಡಿ ತುಂಬ ಖಾರದಪುಡಿ ತಂದಿದ್ದಳು. ನಾಯಿ ಕಡಿದರೆ ಖಾರ ಮೆತ್ತುವುದು ನಮ್ಮ ಕಡೆಯ ಹಳೇ ರೂಢಿ. "ಮೊದ್ಲ ಇದನ್ನ ಒತ್ರಿ, ವಿಷ ಇಳೀತೈತಿ."

ನನಗೆ ಬುದ್ಧಿ ಹೇಳಿದ್ದು ನನ್ನ ಹೆಬ್ಬೆರಳ ಗೀರು. "ಬ್ಯಾಡ ಆಯಿ, ಈ ಉರಿ ಕೂಸು ತಡಕೊಳ್ಳೂದಿಲ್ಲ" ಎಂದು ಅವಳ ಕೈ ಹಿಡಿದೆ. ನನ್ನ ಕೈಯೂ ಖಾರ, ಮಗುವನ್ನು ಮುಟ್ಟುವಂತಿಲ್ಲ. ಸೊಸೆಯೇ ನಳದ ಕೆಳಗೆ ಕೂರಿಸಿ ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದಳು. ಅವತ್ತೇ ನೀರು ಬಿಟ್ಟಿದ್ದರಲ್ಲ, ಅದೂ ದೇವರ ದಯೆ. ಖಾರ ಹಾಕದೆ ತೊಳೆದದ್ದು ಭಾಳ ಚಲೋ ಆಯಿತೆಂದು ಡಾಕ್ಟರು ಆಮೇಲೆ ಹೇಳಿದರು.

ಊರಲ್ಲಿ ಒಂದು ಸೂಜಿ. ಗಾಯ ಆಳವಾಗಿದೆಯೆಂದು ಹಾವೇರಿಗೆ ಹೋಗಿ ಗಾಯದ ಸುತ್ತ ಮತ್ತೊಂದು. ಹೊರಡುವಾಗ ಅಲ್ಲಿಯ ಡಾಕ್ಟರು ಕೇಳಿದರು: "ಸಾಕಿದ ನಾಯೇನ್ರಿ? ಹಂಗಾರ ಕಟ್ಟಿಹಾಕಿ ನೋಡ್ಕೋತ ಇರ್ರಿ. ಅದು ಆರಾಮ ಉಳದ್ರ ನಮಗೂ ಧೈರ್ಯ."

ಮನೆಗೆ ಬಂದರೆ ಆಯಿಯ ಮಗ ಓಣಿಯಲ್ಲೇ ಎದುರಾದ. "ಅಕ್ಕಾರ, ಅದು ನಮ್ಮ ನಾಯಿ ಅಲ್ರಿ, ಓಣಿ ನಾಯಿ. ರೊಟ್ಟಿ ನೀವೂ ಹಾಕ್ತೀರಿ, ನಾವೂ ಹಾಕ್ತೀವಿ."

ನನ್ನ ಮಗನಿಗೆ ಸಿಟ್ಟು ನೆತ್ತಿಗೇರಿತು. "ನಾಯಿ ಸಾಕಿ ಹಂಗ ಬಿಟ್ರ ಸಾಕಿದವ್ರ ಮ್ಯಾಲ ಕೇಸ್ ಆಗ್ತೈತಿ, ಗೊತ್ತೈತಿಲ್ಲೋ?"

ಗೊತ್ತಿತ್ತು. ಅದಕ್ಕೇ ಅವನು ಆಗಲೇ ಟೆಂಪೋ ತರಿಸಿ ನಿಲ್ಲಿಸಿದ್ದ. ನಾಯಿಯನ್ನು ಐರಣಿ ಕಡೆ ಹೊಳೆದಂಡೆಗೆ ಬಿಟ್ಟು ಬರುವ ವಿಚಾರ. ನಾಯಿಯೇ ಇಲ್ಲವೆಂದರೆ ಮಾಲಕ ಎಲ್ಲಿಯವನು? ಅದು ಹೋದರೆ ಅದಕ್ಕೆ ಹುಚ್ಚು ಇದೆಯೋ ಇಲ್ಲವೋ ನಮಗೆ ತಿಳಿಯುವುದು ಹೇಗೆ?

ಆಗ ಆಯಿ ಸರಪಳಿ ಹಿಡಿದು ಹೊರಗೆ ಬಂದಳು. "ಅದರ ಕೊಳ್ಳಾಗಿನ ಪಟ್ಟಾ ಯಾರು ಕಟ್ಯಾರ? ನಾ ಕಟ್ಟೇನಿ. ನಾಯಿ ನಮ್ದ." ನಾಯಿಯನ್ನು ತನ್ನ ಕಟ್ಟೆಯ ಕಂಬಕ್ಕೆ ಬಿಗಿದು, ಪಕ್ಕದಲ್ಲೇ ಕಾಲು ಚಾಚಿ ಕುಳಿತಳು. ಆಮೇಲೆ ನನ್ನ ಮಗನ ಕಡೆ ತಿರುಗಿ, "ಕೇಸ್ ನನ್ನ ಮ್ಯಾಲ ಹಾಕಪಾ. ಜೇಲಿನಾಗ ಚಾ ಸರಿ ಮಾಡ್ತಾರೋ ಇಲ್ಲೋ, ಅಷ್ಟು ಕೇಳಿ ಹಾಕು."

ಮಗ ಎಷ್ಟು ತಡೆದುಕೊಂಡರೂ ನಕ್ಕುಬಿಟ್ಟ. "ಜೇಲು ಬ್ಯಾಡ ಆಯಿ. ಅದನ್ನ ಇನ್ನ ಬಿಡಬ್ಯಾಡ, ಡಾಕ್ಟರ್ ಹೇಳಿದಾಗ ಅದಕ್ಕೂ ಸೂಜಿ ಹಾಕ್ಸು. ಕೂಸಿನ ಉಳಿದ ಸೂಜಿಗೆ ನಿನ್ನ ಮಗನೇ ಕರ್ಕೊಂಡು ಹೋಗ್ಲಿ."

ಆಯಿಯ ಮಗ ತಲೆ ತಗ್ಗಿಸಿ ಹೂಂ ಅಂದ. ಮುಂದೆ ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ನಾಯಿ ಆರಾಮ ಉಳಿಯಿತು, ನಮ್ಮ ಕೂಸೂ ಆರಾಮ.

ನಾಯಿ ಕಡಿದ ದಿನವೇ ಸಂಜೆ ಕೂಸು ನಮ್ಮ ಬಾಗಿಲಲ್ಲಿ ನಿಂತು, ಪಕ್ಕದ ಕಟ್ಟೆಯ ಮೇಲಿದ್ದ ಆಯಿಯನ್ನು ಕೇಳಿತು: "ಆಯಿ, ನಾಳೆ ಅದಕ್ಕ ರೊಟ್ಟಿ ಯಾರು ಹಾಕ್ತಾರ?"

"ನಾ ಹಾಕ್ತೇನವ್ವ. ನೀ ಅಲ್ಲೇ ನಿಂತು ನೋಡು."

ಮಂಜು ಬೀಳುವ ಹೊತ್ತಾಗಿತ್ತು. ದೇವರ ಮುಂದೆ ದೀಪ ಹಚ್ಚಿ ಮಾಳಿಗೆ ಹತ್ತಿದೆ. ತೊಟ್ಟು ಬಿಡಿಸದೆ ಉಳಿದ ಮೆಣಸಿನಕಾಯಿಯನ್ನು ರಾಶಿ ಮಾಡಿ ತಾಡಪತ್ರಿ ಹೊಚ್ಚಿದೆ.