ರನ್‌ವೇ ಅಂಚಿನ ಸಿಹಿನೀರ ಬಾವಿ

‘ಇಲ್ಲೇ ವಿಮಾನ ಇಳಿದಿತ್ತು’ ಅಂದಳು ದೊಡ್ಡವ್ವ.

ನಾನು ನಕ್ಕೆ. ಕಳೆದ ವಾರ ಲಿಂಗಸುಗೂರಿನಿಂದ ಸಿಂಧನೂರಿಗೆ ಅವಳನ್ನು ಕಣ್ಣಿನ ಚೆಕಪ್‌ಗೆ ಕರೆದೊಯ್ಯುತ್ತಿದ್ದೆ. ಮಸ್ಕಿ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಅಷ್ಟೆ. ಎರಡೂ ಕಡೆ ಹೊಲ. ಇಲ್ಲಿ ವಿಮಾನವೇ?

‘ನಗಬ್ಯಾಡಲೇ. ನಮ್ಮವ್ವ ಇಲ್ಲದಿದ್ರ ಅದು ಮುಗುಚೇ ಬೀಳ್ತಿತ್ತು’ ಅಂದಳು. ನನ್ನ ನಗು ಅಲ್ಲಿಗೇ ನಿಂತಿತು. ಕಾರೂ ನಿಂತಿತು.

ಅವಳ ಅವ್ವ ಅಂದರೆ ನನ್ನ ಅಜ್ಜಿ ನಿಂಗವ್ವ. ನಾನು ಕಂಡಿಲ್ಲ. ದೊಡ್ಡವ್ವನಿಗೆ ಈಗ ತೊಂಬತ್ತು ದಾಟಿದೆ. ಅಂದು ಅವಳಿನ್ನೂ ಲಂಗ ತೊಡುವ ಹುಡುಗಿ.

ನಿಜಾಮರ ಕಾಲ. ದೂರದಲ್ಲೆಲ್ಲೋ ಮಹಾಯುದ್ಧ. ಊರಿನವರಿಗೆ ಯುದ್ಧ ಗೊತ್ತಾಗಿದ್ದು ಸೀಮೆಎಣ್ಣೆ ಸಿಗದಿದ್ದಾಗ ಮಾತ್ರ. ಆಮೇಲೆ ಒಂದು ದಿನ ಡಂಗುರ ಸಾರಿದರು: ಮಿಲಿಟರಿ ವಿಮಾನ ಇಳಿಯಲಿಕ್ಕೆ ಮೈದಾನ ಬೇಕು, ಹೊಲ ಬಿಡಿ. ಅಜ್ಜಿಯ ಜೋಳದ ಹೊಲವೂ ಅದರಲ್ಲಿ ಹೋಯಿತು. ಯಾರನ್ನು ಕೇಳುವುದು?

ಕೆಲಸ ಮಾಡಿಸಲು ಒಬ್ಬ ದರೋಗಾ ಬಂದ. ಸರ್ಕಾರಿ ಮೇಲ್ವಿಚಾರಕ. ಡೇರೆ ಹಾಕಿ ಅಲ್ಲೇ ಉಳಿದ. ಕೆಲಸಕ್ಕೆ ನಿಂತವರು ಹೊಲ ಕಳೆದುಕೊಂಡವರೇ. ತಮ್ಮ ಹೊಲದ ಎರೆಮಣ್ಣು ತೆಗೆದು ತಾವೇ ಗರಸು, ಅಂದರೆ ಜಲ್ಲಿಮಣ್ಣು, ಹರವಿದರು. (ಅಜ್ಜಿ ತನ್ನ ಹೊಲಕ್ಕೆ ತಾನೇ ಕೂಲಿ!)

ಹೊಲದ ಅಂಚಿಗೆ ಅವಳದೊಂದು ಸೇದುವ ಬಾವಿ. ಸುತ್ತಲಿನ ನೀರೆಲ್ಲ ಸವಳು. ಇದೊಂದೇ ಸಿಹಿ. ಇಡೀ ಊರು ಅದನ್ನೇ ಕುಡಿಯುತ್ತಿತ್ತು. ಮೈದಾನದ ಸುಣ್ಣದ ಗೆರೆ ಬಾವಿಯನ್ನೂ ಒಳಗೆ ಹಾಕಿಕೊಂಡಿತು.

‘ಸಂಜಿತನಾ ಕಲ್ಲು ತುಂಬಿ ಮುಚ್ರಿ’ ಅಂತ ಹುಕುಂ ಮಾಡಿದ ದರೋಗಾ ಮಸ್ಕಿಗೆ ಹೋದ. ಅವತ್ತು ಶುಕ್ರವಾರ, ನಮಾಜಿನ ದಿನ.

ಅಜ್ಜಿ ಕೂಲಿಯವರನ್ನು ಕರೆದಳು. ‘ತುಂಬಿದ್ರ ಹೋತು, ಮತ್ತ ಬರೂದಿಲ್ಲ. ಮ್ಯಾಲ ಬಂಡಿಗಲ್ಲು ಹಾಸೂಣು.’ ಯಾರೂ ಎದುರಾಡಲಿಲ್ಲ. ಎಲ್ಲರೂ ಕುಡಿದ ನೀರು ಅದೇ ಅಲ್ಲವೇ? ಉದ್ದನೆಯ ಹಾಸುಬಂಡೆ ಅಡ್ಡ ಇಟ್ಟರು, ಮೇಲೆ ಗರಸು ಹರವಿದರು. ಬಂಡೆ ಭಾರ ತಾಳದೆಂದು, ನೆಲ ಗಟ್ಟಿ ಮಾಡುವ ಉರುಳುಗುಂಡು ಎಳೆಯುವ ಎತ್ತುಗಳನ್ನು ಮಾತ್ರ ಅಲ್ಲಿಗೆ ತರದೆ ಈಚೆಯೇ ತಿರುಗಿಸಿದರು. ದರೋಗಾ ಬಂದು ನೋಡಿದ. ನೆಲ ಅಂಗೈಯಂತೆ ಸಪಾಟು. ಖುಷಿಯಾದ. ಬಾವಿ ತುಂಬಿದೆ ಅಂತ ಕಾಗದದಲ್ಲಿ ಬರೆದ.

ಎರಡು ದಿನ ಹಳ್ಳದ ಸವಳು ನೀರು ಕುಡಿದರು. ಮೂರನೆಯ ದಿನ ಬೆಳಿಗ್ಗೆ, ಅಂದೇ ವಿಮಾನ ಬರುತ್ತದೆಂದು ಸುದ್ದಿ ಬಂತು.

ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಹಿಟ್ಟು ಹಾಗೇ ಬಿಟ್ಟು ಎದ್ದಳು. ಮಗಳ ಕೈ ಹಿಡಿದು ನೇರ ಡೇರೆಗೆ ನಡೆದಳು.

‘ಸಾಹೇಬ್ರ, ಬಾವಿ ತುಂಬಿಲ್ರಿ. ಬಂಡಿಗಲ್ಲು ಮುಚ್ಚೇವ್ರಿ. ನಾನೇ ಹೇಳಿದ್ದು. ಕೂಲಿಯವರದೇನೂ ತಪ್ಪಿಲ್ಲ.’

ದರೋಗಾ ಚಹಾದ ಬಸಿ ಕೆಳಗಿಟ್ಟ. ‘ನನ್ನ ಕೊಲ್ಲಿಸ್ತಿ ಏನವ್ವ? ಇಷ್ಟು ದಿನ ಸುಮ್ಕಿದ್ದಿ, ಈಗ್ಯಾಕ ಹೇಳಾಕತ್ತಿ?’

‘ಮ್ಯಾಲಿಂದ ಬರಾಂವನೂ ಒಬ್ಬ ತಾಯಿ ಮಗನರಿ.’

ಜೈಲಿಗೆ ಹಾಕುತ್ತಾನೆ ಅಂತ ದೊಡ್ಡವ್ವ ಅಳಲಿಕ್ಕೇ ಶುರು ಮಾಡಿದ್ದಳಂತೆ. ದರೋಗಾ ಎದ್ದು ಹೊರಗೆ ಬಂದು ಕೂಗಿದ: ‘ಸುಣ್ಣ ತರ್ರಿ! ಜಲ್ದಿ!’

ಹಳೆಯ ಸುಣ್ಣದ ಗೆರೆಯ ಮೇಲೆ ಮಣ್ಣು ಚೆಲ್ಲಿದರು. ಹದಿನೈದು ಹೆಜ್ಜೆ ಒಳಗೆ ಹೊಸ ಗೆರೆ ಎಳೆದರು. ದರೋಗಾ ತಾನೂ ಒಂದು ಬುಟ್ಟಿ ಹೊತ್ತ. ಬಾವಿ ಈಗ ಗೆರೆಯ ಆಚೆ.

ವಿಮಾನ ಬಂತು. ಸದ್ದಿಗೆ ದನಗಳು ಹಗ್ಗ ಹರಿದು ಓಡಿದವು. ಚಕ್ರಗಳು ಹೊಸ ಗೆರೆಯ ಪಕ್ಕಕ್ಕೇ, ಒಳಗೇ, ಉರುಳಿ ಹೋದವು. ಅಜ್ಜಿ ಕಣ್ಣು ಮುಚ್ಚಿ ನಿಂತಿದ್ದಳು. ಧೂಳು ಇಳಿದ ಮೇಲೆ ಒಬ್ಬ ಬಿಳಿಯ ಹುಡುಗ ಇಳಿದ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲವಂತೆ. ನೀರು ಕೇಳಿದ. ಕೊಟ್ಟರು. ಒಂದು ಗುಟುಕು ಬಾಯಿಗೆ ಹಾಕಿಕೊಂಡವನೇ ಥೂ ಅಂತ ಉಗಿದ. (ಸವಳು ನೀರು, ಪಾಪ.) ಹೆಂಗಸರು ಸೆರಗು ಬಾಯಿಗೆ ಹಿಡಿದರು. ಒಂದು ಸುತ್ತು ಅಡ್ಡಾಡಿ, ಮತ್ತೆ ಹತ್ತಿ ಹಾರಿಹೋದ.

ಈಗ ದರೋಗಾ ಅಜ್ಜಿಯ ಕಡೆ ತಿರುಗಿದ.

‘ಗೆರಿ ಒಳಗಿಂದು ನನಗ ಸೇರಿದ್ದು. ಹೊರಗಿನ ಬಾವಿ ಗೊಡವಿ ನನಗ್ಯಾಕ?’

ಅಷ್ಟೇ. ಅಂದೇ ಸಂಜೆ ಒಂದು ಬಂಡೆ ಸರಿಸಿ ಹಗ್ಗ ಇಳಿಬಿಟ್ಟರು. ಮೊದಲ ಕೊಡ ಡೇರೆಗೆ ಹೋಯಿತು.

ಆಮೇಲೆ ಇನ್ನೂ ಕೆಲವು ವಿಮಾನ ಬಂದವು. ಯುದ್ಧ ಮುಗಿಯಿತು. ದರೋಗಾನಿಗೆ ವರ್ಗವಾಯಿತು. ಮೈದಾನದಲ್ಲಿ ದನ ಮೇಯತೊಡಗಿದವು. ನಿಜಾಮರ ರಾಜ್ಯ ಮುಗಿಯುವ ಮೊದಲೇ ಜನ ಗರಸು ಕೆತ್ತಿ ಮತ್ತೆ ಜೋಳ ಬಿತ್ತಿದ್ದರು.

ದೊಡ್ಡವ್ವ ಕಥೆ ಮುಗಿಸಿ ‘ನಡಿ, ಡಾಕ್ಟರ್ ಹೋಗಿಬಿಡ್ತಾನ’ ಅಂದಳು. ನಾನು ಗೇರ್ ಹಾಕಿದೆ.

ಬಾವಿ ಉಳಿಸಲು ಸುಳ್ಳು ಹೇಳುವ ಧೈರ್ಯ ನನಗೂ ಇದ್ದೀತು. ನಮ್ಮಲ್ಲಿ ಬಹಳ ಮಂದಿಗೆ ಇರುತ್ತದೆ. ಸುಳ್ಳು ದಕ್ಕಿ, ಯಾರಿಗೂ ಗೊತ್ತಾಗದೆ, ಕಾಗದವೂ ನಮ್ಮ ಪರವಾಗಿರುವಾಗ, ಹೆಸರು ಗೊತ್ತಿಲ್ಲದ ಒಬ್ಬನಿಗಾಗಿ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ‘ನಾನೇ ಮಾಡಿದ್ದು’ ಅನ್ನುವುದು?

ನೀವಾಗಿದ್ದರೆ ಎದ್ದು ಹೋಗುತ್ತಿದ್ದಿರಾ?