ಕಂಬಳಿ ಅಜ್ಜಿಯ ಕಂಡಿಕೆಗಳು

ಕಂಬಳಿ ಅಜ್ಜಿಯ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಆಳವಾದ ಗೆರೆ ಇತ್ತು. ಗಾಯವಲ್ಲ. ವರ್ಷಗಟ್ಟಲೆ ಉಣ್ಣೆಯ ನೂಲು ಅದೇ ಜಾಗದಲ್ಲಿ ಹರಿದು ಹರಿದು ಚರ್ಮದಲ್ಲೇ ದಾರಿ ಮಾಡಿಕೊಂಡಿತ್ತು. ಚಿಕ್ಕವಳಿದ್ದಾಗ ನಾನು ಆ ಬೆರಳನ್ನು ಹಿಡಿದು, ಗೆರೆಯೊಳಗೆ ಉಗುರಿಟ್ಟು ಆಡುತ್ತಿದ್ದೆ. "ಬಿಡಲೇ, ಕಚಗುಳಿ ಆಗ್ತೈತಿ" ಎಂದು ಆಕೆ ಕೈ ಎಳೆದುಕೊಳ್ಳುತ್ತಿದ್ದಳು. ಕುರಿಯ ಜಿಡ್ಡಿನ ವಾಸನೆ ಸಂಜೆಯವರೆಗೂ ನನ್ನ ಕೈಯಲ್ಲಿರುತ್ತಿತ್ತು.

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ಬಸ್ಸು ನಮ್ಮೂರಲ್ಲಿ ನಿಂತಂತೆ ಮಾಡಿ ಹೊರಡುತ್ತಿತ್ತು. ಬಸ್ಸಿಳಿದು ಓಣಿಗೆ ತಿರುಗಿದರೆ ಮೊದಲು ಆಕೆಯ ಮನೆ, ಪಕ್ಕದ್ದು ನಮ್ಮದು. ನಮ್ಮ ಕಡೆ ನೂಲುವುದು ಹೆಂಗಸರ ಕೆಲಸ, ಕಂಬಳಿ ನೇಯುವುದು ಗಂಡಸರದು. ಆಕೆ ಎರಡನ್ನೂ ಮಾಡುತ್ತಿದ್ದಳು. ಗಂಡನಿರಲಿಲ್ಲ, ಮಕ್ಕಳಿರಲಿಲ್ಲ, ಬಂದು ಹೋಗುವ ನೆಂಟರನ್ನೂ ನಾನು ಕಾಣೆ. ಹೊಳಲಿನ ಕಡೆಯವಳು ಎನ್ನುತ್ತಿದ್ದರು. ಇಲ್ಲಿಗೆ ಯಾಕೆ ಬಂದಳು, ಮಗ್ಗ ಯಾರು ಕಲಿಸಿದರು ಎಂದು ಕೇಳಿದರೆ ದೊಡ್ಡವರು ಮಾತು ತಿರುಗಿಸುತ್ತಿದ್ದರು. ನಮ್ಮಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಆಕೆ ಜೀವದ ಗೆಳತಿ. ಮಧ್ಯಾಹ್ನವಾದರೆ ಇಬ್ಬರೂ ಆಕೆಯ ಕಟ್ಟೆಯ ಮೇಲೆ ಕೂತು, ಒಂದೇ ಅಡಿಕೆಯನ್ನು ಎರಡು ಹೋಳು ಮಾಡಿ ಜಗಿಯುತ್ತ, ಊರಿನ ಸೊಸೆಯಂದಿರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿಕೊಳ್ಳುತ್ತಿದ್ದರು.

ಕಂಬಳಿ ಅಜ್ಜಿ ಸೆರಗನ್ನು ಹಣೆಯವರೆಗೆ ಎಳೆದು ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದಳು. ಸುಡುಬೇಸಿಗೆಯಲ್ಲೂ ಹಾಗೇ. ಒಮ್ಮೆ ಸೆರಗು ಜಾರಿದಾಗ ಕಂಡೆ: ಕೂದಲು ಗೇಣುದ್ದವೂ ಇಲ್ಲ, ಅದನ್ನೂ ಎಣ್ಣೆ ಹಚ್ಚಿ ತಲೆಗೆ ಒತ್ತಿ ಕೂರಿಸಿದ್ದಳು.

"ಅಜ್ಜೀ, ನಿನ್ನ ಕೂದಲ ಎಲ್ಲಿ ಹೋತು?"

"ಮೈಲಾರಪ್ಪಗ ಕೊಟ್ಟೆ."

ಇನ್ನೊಂದು ಸಲ ಕೇಳಿದರೆ "ಇಲಿ ತಿಂದ್ವು" ಎಂದಳು. ಮೂರನೆಯ ಸಲ, "ಕುರಿ ಉಣ್ಣಿ ಕತ್ತರಸಾಕ ಕುಂತಿದ್ದೆ, ಕುರಿ ಎದ್ದು ಹೋತು, ಕತ್ತರಿ ಸುಮ್ನಿರಲಿಲ್ಲ" ಎಂದಳು. ನಾನು ಮೂರನ್ನೂ ನಂಬಿದೆ. ನನ್ನ ಬುದ್ಧಿ ಅಷ್ಟೇ ಇತ್ತು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ರಾಣಿಯ ಪಾತ್ರ ಬಂತು. ಕಾರಣ ನನ್ನ ಅಭಿನಯವಲ್ಲ, ಸೊಂಟ ಮುಟ್ಟುತ್ತಿದ್ದ ಕೂದಲು. ಆದರೆ ರಾಣಿಗೆ ಹೆಗಲ ಮೇಲೆ ಸುರುಳಿ ಸುರುಳಿಯಾಗಿ ಕೂದಲು ಬೀಳಬೇಕು ಎಂದು ಟೀಚರ್ ಹೇಳಿಬಿಟ್ಟರು. ನನ್ನದೋ, ಮಗ್ಗದ ಹಾಸುನೂಲಿನ ಹಾಗೆ ನೆಟ್ಟಗೆ. ಪೇಟೆಯಲ್ಲಿ ಕಾಸಿದ ಕಬ್ಬಿಣದಿಂದ ಸುರುಳಿ ಮಾಡುತ್ತಾರಂತೆ ಎಂದು ಕಂಬಳಿ ಅಜ್ಜಿಯ ಮುಂದೆ ಅತ್ತೆ.

"ಕಾಸಿದ ಕಬ್ಬಿಣ ಕೂದಲಕ್ಯಾಕ? ಮೈಗ್ ತಗಲಿದ್ರ? ಒದ್ದಿ ಇದ್ದಾಗ ಸುತ್ತಬೇಕು, ಒಣಗಿದ ಮ್ಯಾಲ ಬಿಚ್ಚಬೇಕು. ಉಣ್ಣಿನೂ ಕೂದಲ, ಇದೂ ಕೂದಲ. ಬಾ ಇಲ್ಲಿ, ಕುಂದ್ರು."

ಆಕೆಯ ಬುಟ್ಟಿಯಲ್ಲಿ ಕಂಡಿಕೆಗಳಿದ್ದವು. ಕಂಡಿಕೆ ಎಂದರೆ ನೂಲು ಸುತ್ತಿ ಲಾಳಿಯೊಳಗೆ ಕೂರಿಸುವ, ಬೆರಳುದ್ದದ ಬಿದಿರ ಕೊಳವೆ. ಆ ಭಾನುವಾರ ನನ್ನ ತಲೆಯನ್ನು ನೀರಿನಿಂದ ತೇವ ಮಾಡಿ, ಕೂದಲನ್ನು ಹದಿನಾರು ಎಳೆ ಮಾಡಿ, ಒಂದೊಂದನ್ನೂ ಬೆರಳಿನ ಆ ಗೆರೆಯಲ್ಲಿ ಹಾಯಿಸಿ ಕಂಡಿಕೆಗೆ ಸುತ್ತಿದಳು. ಮೇಲೆ ಚಿಂದಿಬಟ್ಟೆ ಕಟ್ಟಿದಳು. ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿದಳು. ನಮ್ಮಜ್ಜಿ ನೋಡಿ, "ಏನಲೇ ಇದು, ನನ್ನ ಮೊಮ್ಮಗಳ ತಲಿಮ್ಯಾಲ ಮಗ್ಗ ಹೂಡಿದಿ?" ಎಂದು ನಕ್ಕಿದ್ದೇ ನಕ್ಕಿದ್ದು. ಬಿಚ್ಚಿದಾಗ, ಅಬ್ಬಾ! ಹೆಗಲ ತುಂಬ ಸುರುಳಿ. ಓಣಿಯ ಮಕ್ಕಳೆಲ್ಲ ಮುಟ್ಟಿ ನೋಡಿ ಹೋದರು.

ಸಂಜೆಯ ಹೊತ್ತಿಗೆ ಎಲ್ಲ ಇಳಿದು ಮತ್ತೆ ನೆಟ್ಟಗಾಯಿತು. ನಾನು ಮತ್ತೆ ಅಳುವುದಕ್ಕೆ ಶುರುಮಾಡಿದೆ. "ನೂಲಾದ್ರ ಗಂಜಿ ಹಚ್ಚಿದ್ರ ಬಿಗಿ ನಿಲ್ತೈತಿ. ನಿನಗೇನ್ ಹಚ್ಚಲಿ?" ಎಂದು ಆಕೆ ತಮಾಷೆಗೆ ಅಂದಳು. ಅದೊಂದು ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು.

ನಾಟಕ ಶನಿವಾರ. ಶುಕ್ರವಾರ ಸಂಜೆ ಆಕೆ ಮತ್ತೆ ಹದಿನಾರು ಕಂಡಿಕೆ ಸುತ್ತಿ, "ಹಿಂಗ ಮಕ್ಕೊ, ಮುಂಜಾನೆ ಬಿಚ್ಚೋಣ" ಎಂದು ಹೇಳಿ ಉಣ್ಣೆ ಒಳಗಿಡಲು ಹೋದಳು. ಮಗ್ಗದ ಮೂಲೆಯಲ್ಲಿ ಹುಣಸೆ ಬೀಜದ ಗಂಜಿಯ ಗಡಿಗೆ ಇತ್ತು, ಕಂಬಳಿಗೆ ಬಿಗಿ ಬರಲೆಂದು ಹಾಸುನೂಲಿಗೆ ಹಚ್ಚುವುದು. ನಾನು ಒಂದು ಚಿಪ್ಪಿನ ತುಂಬ ತೋಡಿಕೊಂಡು ಮನೆಗೆ ಓಡಿದೆ. ಬಚ್ಚಲಲ್ಲಿ ನಿಂತು ತಲೆತುಂಬ ಬಳಿದುಕೊಂಡೆ. ಯಾರಿಗೂ ಹೇಳಲಿಲ್ಲ. ರಾಣಿಯಾಗುವವಳು ಯಾರನ್ನು ಕೇಳಬೇಕು!

ಬೆಳಗ್ಗೆ ಎದ್ದರೆ ತಲೆ ಮರದ ಕೊರಡು. ಕಂಬಳಿ ಅಜ್ಜಿಯ ಹತ್ತಿರ ಹೋಗಲು ಹೆದರಿ ನಾನೇ ಕಂಡಿಕೆಗಳನ್ನು ಕಿತ್ತೆ. ಹದಿನೈದು ಬಂದವು, ಹದಿನಾರನೆಯದು ಸಿಗಲೇ ಇಲ್ಲ. ಎಲ್ಲೋ ಬಿದ್ದಿರಬೇಕು ಅಂದುಕೊಂಡೆ. ನೀರು ಹಾಕಿದರೆ ಅಂಟು, ಬಾಚಿದರೆ ಬಾಚಣಿಗೆಯ ಹಲ್ಲು ಮುರಿಯಿತು. ಎಳೆದಷ್ಟೂ ಗಂಟು. ಹೊಟ್ಟೆನೋವೆಂದು ಟವೆಲು ಸುತ್ತಿಕೊಂಡು ಮಲಗಿದೆ. ಬೇರೆ ಹುಡುಗಿ ರಾಣಿಯಾದಳು.

ಮೂರು ದಿನ ಯಾರಿಗೂ ತಲೆ ತೋರಿಸಲಿಲ್ಲ. ಮಂಗಳವಾರ ನಮ್ಮಜ್ಜಿ ಟವೆಲು ಎಳೆದಳು. ಬೈಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಬೈಗುಳ ಬರಲಿಲ್ಲ. ಕಣ್ಣು ತೆರೆದರೆ ಅಜ್ಜಿ ನನ್ನ ಮುಂದೆ ಕೈಮುಗಿದು ಕೂತಿದ್ದಳು.

"ಜಡಿ ಬಂದೈತಿ. ಅಮ್ಮ ಬಂದಾಳ ನಮ್ಮನಿಗೆ."

ನಮ್ಮ ಸೀಮೆಯಲ್ಲಿ ಹುಡುಗಿಯ ತಲೆಯಲ್ಲಿ ಕೂದಲು ಹೀಗೆ ಜಡೆಗಟ್ಟಿದರೆ ದೇವಿ ಕರೆದಳು ಎಂದು ಲೆಕ್ಕ. ಅದಕ್ಕೆ ಬಾಚಣಿಗೆ ಮುಟ್ಟಿಸುವಂತಿಲ್ಲ, ಕತ್ತರಿ ಮುಟ್ಟಿಸುವಂತಿಲ್ಲ. ಹುಡುಗಿಗೆ ಮುತ್ತು ಕಟ್ಟಿ ದೇವರಿಗೆ ಬಿಡಬೇಕು. ಶಾಲೆ ಅಲ್ಲಿಗೆ ಮುಗಿಯಿತು, ಮದುವೆ ಇಲ್ಲ. ಆಮೇಲೆ ಆಕೆಯ ಬಾಳು ಯಾರ್ಯಾರ ಕೈಗೆ ಹೋಗುತ್ತದೆ ಎಂಬುದನ್ನು ಊರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸರ್ಕಾರ ಅದನ್ನು ನಿಷೇಧಿಸಿತ್ತು, ಹೌದು. ನಮ್ಮಜ್ಜಿಯ ಮಟ್ಟಿಗೆ ಸರ್ಕಾರ ಕೂಡ್ಲಿಗಿಯಲ್ಲಿತ್ತು, ದೇವಿ ಮನೆಯೊಳಗೇ ಇದ್ದಳು.

ನನ್ನ ತಲೆಗೆ ಅರಿಶಿನ ಕುಂಕುಮ ಹಚ್ಚಿದರು. ದೇವಿಯ ಬುಟ್ಟಿ ಹೊತ್ತು ಬರುವ ಜೋಗಮ್ಮನಿಗೆ ಶುಕ್ರವಾರ ಬರುವಂತೆ ಹೇಳಿಕಳಿಸಿದರು. ಅಪ್ಪ ತಾಯಿಯ ಮಾತಿಗೆ ಎದುರಾಡುವವನಲ್ಲ, ಹೊಲಕ್ಕೆ ಹೋಗಿಬಿಟ್ಟ. ಅವ್ವ ಒಲೆಯ ಮುಂದೆ ಕೂತು ಸೌದೆಯ ಹೊಗೆಯ ನೆವದಲ್ಲಿ ಅಳುತ್ತಿದ್ದಳು. ನನಗೆ ಏನೂ ತಿಳಿಯಲಿಲ್ಲ. ಗಂಜಿ ಬಳಿದುಕೊಂಡವಳು ನಾನೇ ಎಂದು ಗೊತ್ತಿತ್ತು. ಆದರೆ ಕಸ ಗುಡಿಸು ಎನ್ನುವವರಿಲ್ಲ, ಮೊದಲ ಹೋಳಿಗೆ ನನಗೆ, ಬೈಯುವ ಅಜ್ಜಿಯೇ ಕೈಮುಗಿಯುತ್ತಾಳೆ. ನಿಜವಾಗಿಯೂ ದೇವಿ ಬಂದಿರಬಹುದೇ? ಗಂಜಿಯ ಮೂಲಕವೇ ಬಂದಳೇ? ಹೇಳಿದರೆ ಏಟು, ಹೇಳದಿದ್ದರೆ ಹೋಳಿಗೆ. ಹೇಳಲಿಲ್ಲ. ಕೊನೆಗಾದರೂ ಹೇಳುತ್ತಿದ್ದೆನೇ ಎಂಬುದೂ ಇವತ್ತಿನವರೆಗೆ ನನಗೆ ಗೊತ್ತಿಲ್ಲ.

ಶುಕ್ರವಾರ ಬೆಳಗ್ಗೆ ಜೋಗಮ್ಮ ಪಡಸಾಲೆಯಲ್ಲಿ ಬುಟ್ಟಿ ಇಳಿಸಿದ್ದಳು. ಅಷ್ಟರಲ್ಲಿ ಕಂಬಳಿ ಅಜ್ಜಿ ಒಂದು ಬೋಗುಣಿ ತುಂಬ ನೆನೆಸಿದ ಅಂಟುವಾಳ ಹಿಡಿದು ಒಳಗೆ ಬಂದಳು. ನಮ್ಮ ಹಂಡೆಯಲ್ಲಿ ನೀರು ಆಗಲೇ ಕುದಿಯುತ್ತಿತ್ತು. ಯಾಕೆ ಕಾಯುತ್ತಿದೆ ಎಂದು ಯಾರೂ ಕೇಳಲಿಲ್ಲ.

"ಜಡಿ ಅಲ್ಲ ಇದು. ನನ್ನ ಗಂಜಿ. ಸುರುಳಿ ನಿಲ್ಲಲಿ ಅಂತ ನಾನಽ ಹಚ್ಚಿದ್ದೆ" ಎಂದಳು.

ನಾನು ಬಾಯಿ ತೆರೆದೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

ನಮ್ಮಜ್ಜಿ ಎದ್ದು ಅಡ್ಡ ಬಂದಳು. "ಮುಟ್ಟಬ್ಯಾಡಲೇ! ಜಡಿ ಮುಟ್ಟಿದಾಕಿ ರಕ್ತ ಕಾರಿ ಸಾಯ್ತಾಳ."

"ಬಂದ್ರ ನನಗ ಬರ್ಲಿ. ಏ ಹುಡುಗಿ, ಬಚ್ಚಲಕ ನಡಿ."

ಬೆಳಗ್ಗೆ ಕೂತವಳು ಮಧ್ಯಾಹ್ನದವರೆಗೆ ಏಳಲಿಲ್ಲ. ಬಿಸಿನೀರು, ಅಂಟುವಾಳ, ಎಣ್ಣೆ, ಮತ್ತೆ ಬಿಸಿನೀರು. ಉಣ್ಣೆಯ ಸಿಕ್ಕು ಬಿಡಿಸುವ ಸೂಜಿಯಿಂದ ಒಂದೊಂದೇ ಕೂದಲು ಬಿಡಿಸಿದಳು. ಬಚ್ಚಲ ತುಂಬ ಕಂದು ನೀರು, ಹುಣಸೆ ಬೀಜದ ವಾಸನೆ. ಬಾಗಿಲಲ್ಲಿ ಅಜ್ಜಿ, ಅವ್ವ, ಜೋಗಮ್ಮ ನಿಂತಿದ್ದರು. ನಾನು ನೋವಿಗೆ ಕಿರುಚುತ್ತಿದ್ದೆ. ಆಕೆ ನನ್ನ ಕಿವಿಯ ಹತ್ತಿರ ಬಾಗಿ, ನನಗೊಬ್ಬಳಿಗೇ ಕೇಳುವಂತೆ ಅಂದಳು:

"ಸುಮ್ನಿರವ್ವ. ನನ್ನ ತಲಿ ತೊಳಿಯಾಕ ಯಾರೂ ಬರಲಿಲ್ಲ."

ಏನು ಹೇಳುತ್ತಿದ್ದಾಳೆ ಎಂದು ತಿಳಿಯದೆ ನಾನು ಅಳುವುದನ್ನೇ ಮರೆತೆ. ಆಕೆಯ ತಲೆ ಕೊಳೆಯಾಗಿದೆಯೇನೋ ಎಂದುಕೊಂಡೆ.

ಕೊನೆಗೆ ಕತ್ತಿನ ಹಿಂದಿನ ದಪ್ಪ ಗಂಟು ಬಿಚ್ಚಿಕೊಂಡಿತು. ಟಕ್ ಎಂದು ಬಚ್ಚಲ ಕಲ್ಲಿನ ಮೇಲೆ ಏನೋ ಬಿತ್ತು. ಹದಿನಾರನೆಯ ಕಂಡಿಕೆ. ಆಕೆ ಅದನ್ನು ತೊಳೆದು ಜೋಗಮ್ಮನ ಕೈಗೆ ಕೊಟ್ಟಳು. ಜೋಗಮ್ಮ ಹೊರಳಿಸಿ ಹೊರಳಿಸಿ ನೋಡಿದಳು. ಆ ಹೆಂಗಸಿನ ಮುಖದಲ್ಲಿ ಸಿಟ್ಟಿರಲಿಲ್ಲ. "ಕಂಡಿಕಿ ಐತಲ್ಲವ್ವ ಒಳಗ. ಅಮ್ಮ ಅಲ್ಲ. ಓದ್ಲಿ ಬಿಡ್ರಿ ಹುಡುಗಿ" ಎಂದು ನನ್ನ ಹಣೆಗೆ ಭಂಡಾರ ಹಚ್ಚಿ, ಬುಟ್ಟಿ ಹೊತ್ತು ಹೊರಟುಹೋದಳು.

ನಮ್ಮಜ್ಜಿ ಮಾತ್ರ ಕ್ಷಮಿಸಲಿಲ್ಲ. ದೇವಿಯ ಹೆಸರಲ್ಲಿ ಕೂಸಿನ ತಲೆಯ ಮೇಲೆ ಆಟವಾಡಿದಳು, ನಾಲ್ಕು ದಿನ ಕೈಮುಗಿಸಿ ತನ್ನನ್ನು ನಗೆಪಾಟಲು ಮಾಡಿದಳು ಎಂದು ಆ ಕಟ್ಟೆಯನ್ನೇ ಹತ್ತಲಿಲ್ಲ. ಓಣಿಯ ಹೆಂಗಸರೂ ಮಕ್ಕಳನ್ನು ಅಲ್ಲಿಗೆ ಕಳಿಸುವುದು ಬಿಟ್ಟರು. ಕಂಬಳಿ ಅಜ್ಜಿ ಮಧ್ಯಾಹ್ನ ಒಬ್ಬಳೇ ಕೂತು ಅಡಿಕೆ ಜಗಿಯುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾನು ಹೈಸ್ಕೂಲಿಗೆ ಬಂದ ವರ್ಷ ನಮ್ಮಜ್ಜಿ ತೀರಿಕೊಂಡಾಗ, ಆಕೆ ಬಂದು ಅಡಿಕೆಯನ್ನು ಎರಡು ಹೋಳು ಮಾಡಿ ಒಂದನ್ನು ಗೆಳತಿಯ ಅಂಗೈಯಲ್ಲಿಟ್ಟು ಹೋದಳು. ಆಗಲೂ ಪಕ್ಕದಲ್ಲಿ ನಿಂತಿದ್ದ ನನಗೆ ಬಾಯಿ ಬರಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅದಾಗಿ ಕೆಲವು ದಿನ ಬಿಟ್ಟು ಕಂಬಳಿ ಅಜ್ಜಿಯ ಮನೆಗೆ ಹೋಗಿ ಕೇಳಿದೆ. "ಯಾಕ ಸುಳ್ಳು ಹೇಳಿದಿ ಅಜ್ಜಿ? ಹಚ್ಚಿಕೊಂಡಾಕಿ ನಾನು."

"ಏನ್ ಸುಳ್ಳು? ಗಂಜಿ ನಂದು, ಗಡಿಗಿ ನಂದು, ಕಂಡಿಕಿ ನಂದು. ನೀನೇನ್ ಮಾಡಿದಿ? ಮಕ್ಕೊಂಡಿದ್ದಿ." ಅಷ್ಟು ಹೇಳಿ ಮತ್ತೆ ಲಾಳಿ ಹಾಯಿಸತೊಡಗಿದಳು.

ಓದಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಟೀಚರಾದೆ. ಒಂದು ಬೆಳಗ್ಗೆ ಅವ್ವನ ಫೋನು: "ಕಂಬಳಿ ಅಜ್ಜಿ ಹೋದ್ಲು, ಬಾ." ಬಂದಾಗ ಅಂಗಳದಲ್ಲಿ ಆಕೆಯನ್ನು ಗೋಡೆಗೆ ಒರಗಿಸಿ ಕೂರಿಸಿ ನೀರು ಹಾಕುತ್ತಿದ್ದರು. ವಿಚಿತ್ರವೆಂದರೆ ಎಲ್ಲರೂ ಕತ್ತಿನಿಂದ ಕೆಳಗೇ ಹಾಕುತ್ತಿದ್ದರು. ಸೆರಗು ತಲೆಯ ಮೇಲೆ ಹಾಗೇ ಇತ್ತು. "ಅಮ್ಮನ ಜಡಿ ಕೊಯ್ಕಂಡಾಕಿ. ಆ ತಲಿ ಯಾರು ಮುಟ್ಟಬೇಕವ್ವ?" ಎಂದು ಒಬ್ಬ ಮುದುಕಿ ಅಂದಳು.

ನಾನು ಅವ್ವನ ಮುಖ ನೋಡಿದೆ. ಅವ್ವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಒಂಬತ್ತು ವರ್ಷಕ್ಕೆ ಆಕೆಗೆ ಜಡೆ ಬಂದಿತ್ತಂತೆ. ಮುತ್ತು ಕಟ್ಟಿದ್ದರಂತೆ. ವರ್ಷಗಳ ಮೇಲೆ ಒಂದು ದಿನ ಕುರಿ ಕತ್ತರಿಯಿಂದ ತಾನೇ ಜಡೆ ಕೊಯ್ದು ಬಿಸಾಕಿ, ಹೊಳಲಿನ ಕಡೆಯಿಂದ ನಡೆದುಕೊಂಡು ನಮ್ಮೂರಿಗೆ ಬಂದಳಂತೆ. ಇಲ್ಲಿ ಒಬ್ಬ ಮುದುಕ ಮಗ್ಗ ಕಲಿಸಿದನಂತೆ.

"ಆ ಗುರುವಾರ ಸಂಜೀಕ ಹಿತ್ತಲಿಂದ ನಾನಽ ಹೋಗಿ ಹೇಳಿದ್ದೆ" ಎಂದಳು ಅವ್ವ. "ನಿನ್ನ ದಿಂಬಿನ ತುಂಬ ಹುಣಸಿ ಬೀಜದ ವಾಸನಿ ಇತ್ತು. ನನಗ ಅತ್ತಿ ಮುಂದ ಬಾಯಿ ಇಲ್ಲ. ಆಕಿ ಬ್ಯಾರೆ ಏನೂ ಕೇಳಲಿಲ್ಲ. 'ಮುಂಜಾನಿ ನೀರು ಕಾಯಾಕ ಇಡು' ಅಂದ್ಲು, ಅಷ್ಟ."

ಒಬ್ಬೊಬ್ಬರಿಗೂ ಒಂದೊಂದು ಗೊತ್ತಿತ್ತು. ಎಲ್ಲರೆದುರು ಯಾರೂ ಬಾಯಿಬಿಟ್ಟಿರಲಿಲ್ಲ. ನನ್ನನ್ನು ಉಳಿಸಲು ತನ್ನ ಒಬ್ಬಳೇ ಗೆಳತಿಯನ್ನು ಬಿಟ್ಟುಕೊಟ್ಟವಳಿಗೆ ನಾನು ಏನಾಗಬೇಕಿತ್ತು? ಈಗ ದಾವಣಗೆರೆಯ ಅಂಗಡಿಗಳಲ್ಲಿ ಬಿಸಿಯಿಲ್ಲದೆ ಕೂದಲು ಸುರುಳಿ ಮಾಡುವ ಬಣ್ಣಬಣ್ಣದ ರೋಲರುಗಳನ್ನು ನೇತುಹಾಕಿರುತ್ತಾರೆ. ಅವನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದೆ ನಿಂತುಬಿಡುತ್ತೇನೆ.

ಆ ದಿನ ಸೀರೆ ಮೇಲೆ ಕಟ್ಟಿ, ಮನೆಯಿಂದ ಅಂಟುವಾಳ ತಂದೆ. ಸೆರಗು ಸರಿಸಿದೆ. ಯಾರೋ "ಬ್ಯಾಡ" ಅಂದರು. "ಬಂದ್ರ ನನಗ ಬರ್ಲಿ" ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

ಬಿಸಿನೀರು ಹಾಕಿ ಉಜ್ಜಿದೆ. ಎಷ್ಟೋ ವರ್ಷ ಒತ್ತಿ ಕೂರಿಸಿದ್ದ ಎಣ್ಣೆಯೆಲ್ಲ ಬಿಟ್ಟಿತು. ಬೆಳ್ಳನೆಯ ಕೂದಲು ಮೆಲ್ಲಗೆ ಎದ್ದು ಸುರುಳಿಯಾಯಿತು. ತಲೆ ತುಂಬ ಗುಂಗುರು. ಹುಟ್ಟಿನಿಂದ ಆಕೆಯದು ಗುಂಗುರು ಕೂದಲು; ನಾನು ಅತ್ತು ಬೇಡಿದ್ದು ಆಕೆಯ ತಲೆಯ ಮೇಲೇ ಇತ್ತು, ಆಕೆ ಅದನ್ನೇ ಜೀವಮಾನವೆಲ್ಲ ಮುಚ್ಚಿಟ್ಟುಕೊಂಡಿದ್ದಳು. ಒಂದು ಎಳೆ ಯಾವ ಕಂಡಿಕೆಯೂ ಇಲ್ಲದೆ ನನ್ನ ಬೆರಳಿಗೆ ತಾನೇ ಸುತ್ತಿಕೊಂಡಿತು.

ಮತ್ತೊಮ್ಮೆ ನೀರು ಹಾಕಿದೆ. ಇನ್ನೊಮ್ಮೆ ಹಾಕಿದೆ. "ಸಾಕು ಬಿಡವ್ವ, ತೊಳದಿ" ಎಂದಳು ಅವ್ವ. ಸಾಕಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಹಂಡೆಯಲ್ಲಿ ನೀರು ಮುಗಿಯುವವರೆಗೂ ತೊಳೆದೆ.