ಹೊಸಿಲ ಮೇಲೆ ಗಾಲಿ

ನಿವೃತ್ತಿಗೆ ಒಂದು ವರ್ಷವಿದ್ದಾಗ ನಾನು ಬೆಂಗಳೂರಿನ ಇಪ್ಪತ್ತೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಸೈಟ್ ಎಂಜಿನಿಯರ್ ಆಗಿದ್ದೆ. ಮುಗಿದ ಮನೆಗಳನ್ನು ಕೊಂಡವರಿಗೆ ಒಪ್ಪಿಸುವ 'ಹ್ಯಾಂಡೋವರ್' ನನ್ನ ಪಾಲಿನ ಕೆಲಸ. ಬಣ್ಣ ಕಾಣದ ಕಾಂಕ್ರೀಟ್ ಗೋಡೆ, ಗೀಟೆಳೆದಂಥ ಕಿಟಕಿಸಾಲು. ನಮ್ಮ ಆರ್ಕಿಟೆಕ್ಟ್‌ಗೆ ಎಲ್ಲೂ ಒಂದು ಉಬ್ಬು ಕಾಣಬಾರದು. ಹಾಗಾಗಿ ಬಾಗಿಲಿಗೆ ಹೊಸಿಲೂ ಇಲ್ಲ. ಕಾರಿಡಾರ್, ಮನೆ ಎಲ್ಲ ಒಂದೇ ಮಟ್ಟ.

ಹದಿನಾಲ್ಕನೆಯ ಮಹಡಿಯಲ್ಲಿ ಮನೆ ಕೊಂಡವಳು ಗಿರಿಜಾ. ಅವಳ ಜೊತೆ ಇರಲು ಆಂಧ್ರದ ಗಡಿಸೀಮೆಯ ಕಲ್ಯಾಣದುರ್ಗದಿಂದ ತಾಯಿ ರುದ್ರಮ್ಮ, ತಂದೆ ಚನ್ನಪ್ಪ ಬಂದರು. ಚನ್ನಪ್ಪನವರು ಬಟ್ಟೆ ವ್ಯಾಪಾರಿ. ಅಪಘಾತದಲ್ಲಿ ಕಾಲಿನ ಸ್ವಾಧೀನ ಹೋಗಿ ವ್ಹೀಲ್‌ಚೇರ್ ಹಿಡಿದಿದ್ದರು.

ರುದ್ರಮ್ಮ ಬಾಗಿಲು ನೋಡಿದವರೇ, "ಗಡಪ ಇಲ್ದಿರೋ ಮನೆ ಒಂದ್ ಮನೇನೇನಪ್ಪ?" ಎಂದರು. ನಾನೂ ಅದೇ ಸೀಮೆಯ ಹಿಂದೂಪುರದವನು. ನಮ್ಮ ಕಡೆ ಮನೆಮಾತು ಕನ್ನಡವಾದರೂ ಹೊಸಿಲಿಗೆ ತೆಲುಗಿನ ಗಡಪವೇ ಬಾಯಿಗೆ ಬರುವುದು. ಆ ಒಂದು ಮಾತಿಗೇ ಅರ್ಧ ಕರಗಿಹೋದೆ.

ರಸ್ತೆ ಅಗಲ ಮಾಡುವಾಗ ಒಡೆದ ಹಳೆ ಮನೆಯ ಮರದ ಹೊಸಿಲನ್ನು ಅವರು ಜೋಪಾನವಾಗಿ ತಂದಿದ್ದರು. ಶುಕ್ರವಾರ ಗೃಹಪ್ರವೇಶ. ಪರೀಕ್ಷೆಗೆಂದು ಬಾಗಿಲಲ್ಲಿ ಇಟ್ಟು ನೋಡಿದೆವು. ಚನ್ನಪ್ಪನವರ ಗಾಲಿ ಅಲ್ಲೇ ತಡೆಯಿತು. ಕುರ್ಚಿ ಸಮೇತ ಅವರನ್ನು ಎತ್ತಲು ಇಬ್ಬರು ಕೆಲಸಗಾರರು ಮುಂದೆ ಬಂದರು.

"ಮುಟ್ಬ್ಯಾಡ್ರಿ. ಎತ್ಕಂಡ್ ಹೋಗೋದು ಹೆಣಾನ" ಎಂದರು ಚನ್ನಪ್ಪ.

ರುದ್ರಮ್ಮನ ಮುಖ ಬಾಡಿತು. "ತೆಗೀರಪ್ಪ ಅದನ್ನ, ನಂಗೆ ಬ್ಯಾಡ" ಎಂದು ಸೆರಗಿನಿಂದ ಆ ಮರವನ್ನು ಒರೆಸತೊಡಗಿದರು. ನಾನು ಟೇಪು ತೆಗೆದು ಮರದ ದಪ್ಪ ಅಳೆದೆ.

ಕಾಂಕ್ರೀಟ್ ಸ್ಲ್ಯಾಬ್ ಕೊರೆಯುವ ಹಾಗಿಲ್ಲ. ಆದರೆ ಅದರ ಮೇಲೆ, ಟೈಲ್ಸ್ ಕೂರಿಸಲು, ಎರಡಿಂಚು ಗಾರೆಯ ಹಾಸು ಇರುತ್ತದೆ, ಸ್ಕ್ರೀಡ್ ಎನ್ನುತ್ತೇವೆ. ಅಷ್ಟನ್ನೇ ಕತ್ತರಿಸಿದೆವು. ಮರದ ತಳ ಸೀಳಿಸಿ, ಅರಿಸಿನ ಉಂಡ ಮೇಲ್ಭಾಗ ಹಾಗೇ ಉಳಿಸಿ, ನೆಲಕ್ಕೆ ಸಮನಾಗಿ ಕೂರಿಸಿದೆವು. ಆರ್ಕಿಟೆಕ್ಟ್ ಬೆರಳಾಡಿಸಿ ನೋಡಿ, ಉಬ್ಬಿಲ್ಲವೆಂದು ಒಪ್ಪಿದ.

ಶುಕ್ರವಾರ ರುದ್ರಮ್ಮ ಅದಕ್ಕೆ ಅರಿಸಿನ ಬಳಿದು, ಕುಂಕುಮವಿಟ್ಟು, ಹೂವಿಟ್ಟು ಒಳಗೆ ನಿಂತರು. ಚನ್ನಪ್ಪ ಬಾಗಿಲ ಬಳಿ ಬಂದವರು ಗಾಲಿ ಹಿಡಿದು ನಿಲ್ಲಿಸಿಬಿಟ್ಟರು. ಹೊಸಿಲು ದಾಟಬೇಕು, ತುಳಿಯಬಾರದು. ನನಗದು ಹೊಳೆದೇ ಇರಲಿಲ್ಲ.

"ಗಡಪ ತುಳ್ದಂಗಾಯ್ತದೆ ಕಣೇ."

"ಏನೂ ಆಗಲ್ಲ, ಬನ್ನಿ" ಎಂದು ರುದ್ರಮ್ಮ ಕೈ ಚಾಚಿದರು.

ಚನ್ನಪ್ಪ ಕಣ್ಣು ಮುಚ್ಚಿ ಗಾಲಿ ತಳ್ಳಿದರು. ಬಿಳಿ ಟೈಲ್ಸ್ ಮೇಲೆ, ಗಾಲಿಗಂಟಿದ ಅರಿಸಿನ ಕುಂಕುಮದ ಎರಡು ಗೀಟು ನಡುಮನೆಯವರೆಗೂ ಎಳೆದುಕೊಂಡು ಹೋದವು. ಗಿರಿಜಾ ಒರೆಸುವ ಬಟ್ಟೆ ತಂದಳು.

ಅಲ್ಲಿಂದೀಚೆಗೆ ಯಾವ ಮನೆ ಒಪ್ಪಿಸಲು ಹೋದರೂ, ಮಟ್ಟ ನೋಡುವ ಮೊದಲು, ಒಳಗೆ ಬರುವವರು ಯಾರೆಂದು ಕೇಳುತ್ತಿದ್ದೆ. ಅದನ್ನು ನನಗೆ ಕಲಿಸಿದ್ದು, ಅಂದು ಮಗಳ ಕೈ ಹಿಡಿದು ರುದ್ರಮ್ಮ ಆಡಿದ ಮಾತು:

"ಒರಸ್ಬ್ಯಾಡ ಕಣಮ್ಮ. ನಿಮ್ಮಪ್ಪ ನಡ್ಕಂಡ್ ಬಂದವ್ರೆ."